ಶನಿವಾರದ ಕಾಪಿ

ನನ್ನ ಹೆಂಡತಿ ಇದ್ದ ಕೊನೆಯ ಶನಿವಾರ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಉಂಡು ನಾನು ಪೇಪರ್ ಹಿಡಿದುಕೊಂಡು ದಿವಾನದ ಮೇಲೆ ಕಾಲು ಚಾಚಿದ್ದೆ. ಅವಳು ಪಾತ್ರೆ ಎತ್ತಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕುಳಿತಳು. ಬಸವೇಶ್ವರನಗರದ ನಮ್ಮ ಮಹಡಿ ಮನೆಯಲ್ಲಿ ಶನಿವಾರದ ಮಧ್ಯಾಹ್ನಗಳು ಹಾಗೇ ಕಳೆಯುತ್ತಿದ್ದವು. ಮನೆಯಲ್ಲಿ ನಾವಿಬ್ಬರೇ. ಫ್ಯಾನ್ ಸದ್ದು, ಅವಳು ಕೀಲಿಗಳನ್ನು ಒತ್ತುವ ಸದ್ದು.

"ರೀ, ಈ ವಾರ ಏನಾದ್ರೂ ಒತ್ತಿದ್ರಾ?" ಅಂದಳು, ತಿರುಗಿ ನೋಡದೆ.

"ನಾನೇನು ಒತ್ತಲಿ? ಪಂಚಾಂಗ ನೋಡ್ದೆ, ಅಷ್ಟೇ."

"ಪಂಚಾಂಗದ ಪಕ್ಕದಲ್ಲಿ ಕೆಂಪಗೆ ಏನೋ ಬಂದಿತ್ತಲ್ಲ?"

"ಬಂತು. ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ಹತ್ತಿದೆ ಅಂತ. ಪಾಪ, ಯಾರೋ ಹೇಳ್ತಿದಾರಲ್ಲ ಅಂತ ಒಂದ್ಸಲ..."

"ಪಾಪ ಅಂತೆ! ಬೀದೀಲಿ ಹೋಗೋನು ಬಾಗಿಲು ತಟ್ಟಿ ನಿಮ್ಮನೇಲಿ ಹಾವಿದೆ ಅಂದ್ರೆ ಬೀಗದಕೈ ಕೊಟ್ಬಿಡ್ತೀರಾ?"

"ಹಾವಿದ್ರೆ ಕೊಡಬೇಕಾಗತ್ತಪ್ಪ."

ಅವಳು ನಕ್ಕಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ನಾನು ಒತ್ತಿದ್ದು ಏನನ್ನೂ ಒಳಗೆ ಬಿಟ್ಟಿಲ್ಲ ಅನ್ನುವುದನ್ನು ನೋಡಿ ಖಾತ್ರಿ ಮಾಡಿಕೊಂಡಳು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತವನು. ಅರವತ್ತು ದಾಟುವವರೆಗೂ ಅಲ್ಲೇ ನಿಂತಿದ್ದೆ. ಅವಳು ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಕಂಪ್ಯೂಟರ್ ಬಂದ ಹೊಸದರಲ್ಲಿ ಅವರ ಶಾಲೆಯಲ್ಲಿ ಯಾರೋ ತಂದ ಪೆನ್‌ಡ್ರೈವಿನಿಂದ ವೈರಸ್ ಸೇರಿ, ಒಂದು ತರಗತಿಯ ಅಂಕಪಟ್ಟಿಯನ್ನೆಲ್ಲ ಅವಳು ಮತ್ತೆ ಕೈಯಾರೆ ಟೈಪ್ ಮಾಡಬೇಕಾಗಿ ಬಂದಿತ್ತಂತೆ. ಅಲ್ಲಿಂದ ಅವಳು ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದಳು. ಮೊದಲು ಅಪ್‌ಡೇಟ್. ಆಮೇಲೆ ವೈರಸ್ ಹುಡುಕಾಟ. ಆಮೇಲೆ ಪುಸ್ತಕದಷ್ಟು ದೊಡ್ಡದಿದ್ದ ಒಂದು ಹಾರ್ಡ್‌ಡಿಸ್ಕನ್ನು ವೈರ್ ಹಾಕಿ ಜೋಡಿಸಿ, ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅದಕ್ಕೆ ಕಾಪಿ ಮಾಡುತ್ತಿದ್ದಳು. ಕಾಪಿ ಆದ ತಕ್ಷಣ ಡಿಸ್ಕ್ ಕಿತ್ತು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದಳು. ಅಲ್ಲೇ ಸಿಕ್ಕಿಸಿಟ್ಟರೆ ಆಗದೇ ಅಂತ ನಾನು ಕೇಳಿದ್ದೆ. ಸಿಕ್ಕಿಸಿಟ್ಟರೆ ಇದಕ್ಕೆ ಬಂದ ರೋಗ ಅದಕ್ಕೂ ಬರುತ್ತದೆ ಅಂದಿದ್ದಳು. ಎಲ್ಲಾ ಮುಗಿದ ಮೇಲೆ ಒಂದು ಹಳೇ ಪೇಂಟ್ ಬ್ರಷ್ ತೆಗೆದುಕೊಂಡು ಕಂಪ್ಯೂಟರ್ ಡಬ್ಬಿಯ ಹಿಂದಿನ ಫ್ಯಾನಿನ ಧೂಳು ತೆಗೆಯುತ್ತಿದ್ದಳು. ಅದು ಕೊನೆಯ ಕೆಲಸ.

ನನಗೂ ಅದರಲ್ಲಿ ಒಂದು ಬೇರೆ ಅಕೌಂಟ್ ಮಾಡಿಕೊಟ್ಟಿದ್ದಳು. ಅದರಿಂದ ನಾನು ಓದಬಹುದು, ನೋಡಬಹುದು, ಹೊಸದೇನನ್ನೂ ಒಳಗೆ ಹಾಕುವಂತಿರಲಿಲ್ಲ. ಹಾಕಲು ಹೋದರೆ ಅವಳ ಪಾಸ್‌ವರ್ಡ್ ಕೇಳುತ್ತಿತ್ತು. "ಬಾರೇ, ಕೇಳ್ತಾ ಇದೆ" ಅಂತ ಕೂಗುತ್ತಿದ್ದೆ. ಅಡುಗೆಮನೆಯಿಂದ ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ, ಪರದೆಯ ಮೇಲೆ ಬರೆದಿದ್ದನ್ನು ಕೊನೆಯ ಸಾಲಿನವರೆಗೂ ಓದುತ್ತಿದ್ದಳು. ಹೆಚ್ಚಿನ ಸಲ ಬೇಡ ಅಂತಲೇ ಒತ್ತಿ ಹೋಗುತ್ತಿದ್ದಳು.

"ನನ್ನ ಮನೇಲಿ ನನಗೇ ಪರ್ಮಿಷನ್ನಾ?" ಅಂತ ನಾನು ರೇಗುತ್ತಿದ್ದೆ.

"ಮನೆ ನಿಮ್ಮದೇ. ಮಿಷಿನ್ ನಂದು. ನಿಮ್ಮ ಲೇತ್ ಮೇಲೆ ನಾನು ಕೈ ಇಟ್ಟಿದೀನಾ ಯಾವತ್ತಾದ್ರೂ?"

ಆ ಶನಿವಾರ ಅವಳು ಅಷ್ಟು ಖುಷಿಯಾಗಿದ್ದುದಕ್ಕೆ ಒಂದು ಕಾರಣವಿತ್ತು. ನಿವೃತ್ತಿಯಾದ ಮೇಲೆ ಅವಳು ತವರಿನ ಹಳೇ ಫೋಟೋಗಳನ್ನೆಲ್ಲ ಒಟ್ಟುಮಾಡುತ್ತಿದ್ದಳು. ಅವಳದು ಹಳೇ ಕೆಂಗೇರಿಯ ದೊಡ್ಡ ಸಂಸಾರ. ಒಬ್ಬೊಬ್ಬರ ಮನೆಯಿಂದ ಆಲ್ಬಮ್ ಕೇಳಿ ತಂದು, ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡುತ್ತಿದ್ದಳು. ಆ ಫೋಟೋಗಳಲ್ಲಿ ಯಾರು ಯಾರು ಅಂತ ಹೇಳಬಲ್ಲವರು ಒಬ್ಬರೇ ಉಳಿದಿದ್ದರು, ಅವಳ ಸೋದರತ್ತೆ. ತೊಂಬತ್ತರ ಹತ್ತಿರದ ವಯಸ್ಸು. ಕಣ್ಣು ಮಂಜಾಗಿದ್ದರೂ ನೆನಪು ಗಟ್ಟಿ. ಎರಡು ವರ್ಷ, ಭಾನುವಾರ ಬಂದರೆ ಇವಳು ಕೆಂಗೇರಿಗೆ ಹೋಗಿ ಆ ಅತ್ತೆಯ ಮಂಚದ ಪಕ್ಕ ಕುಳಿತು ಫೋಟೋ ತೋರಿಸಿ ಕೇಳುತ್ತಿದ್ದಳು. ಮನೆಗೆ ಬಂದವಳೇ ಒಂದೊಂದು ಫೋಟೋಗೂ ಹೆಸರು ಕೊಡುತ್ತಿದ್ದಳು. ಎಡದಿಂದ ಯಾರು, ಬಲದಲ್ಲಿ ಯಾರು, ಯಾರ ಮದುವೆ, ಯಾವ ಮನೆಯ ಜಗಲಿ. ಅದೆಲ್ಲ ಆ ಫೈಲಿನ ಹೆಸರಿನಲ್ಲೇ ಇರುತ್ತಿತ್ತು, ಬೇರೆಲ್ಲೂ ಬರೆಯುತ್ತಿರಲಿಲ್ಲ. ಅತ್ತೆ ಆ ಹಿಂದಿನ ವರ್ಷ ತೀರಿಕೊಂಡಿದ್ದರು. ಅಷ್ಟರಲ್ಲಿ ಇವಳ ಕೇಳುವ ಕೆಲಸ ಮುಗಿದಿತ್ತು.

"ಹೆಸರೆಲ್ಲಾ ಇನ್ನೊಂದ್ಸಲ ನೋಡಿ ತಿದ್ದೋದು ಇವತ್ತಿಗೆ ಆಯ್ತು ರೀ. ನಾನೂರ ಹನ್ನೆರಡು" ಅಂದಳು. "ಇನ್ನು ಪುಸ್ತಕ ಮಾಡಿಸೋದೊಂದೇ. ಎಲ್ಲರ ಮನೆಗೂ ಒಂದೊಂದು ಕೊಡಬೇಕು."

ಡಿಸ್ಕ್ ಬೀರುವಿಗೆ ಹೋಯಿತು. ಅವಳು ಕಾಫಿ ಮಾಡಿದಳು. ಸಂಜೆ ಇಬ್ಬರೂ ತರಕಾರಿ ತಂದೆವು. ಮರುದಿನ ಬೆಳಿಗ್ಗೆ ಬಚ್ಚಲಿನ ಬಾಗಿಲ ಹತ್ತಿರ ಕುಸಿದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಧ್ಯಾಹ್ನದೊಳಗೆ ಹೋಗಿಬಿಟ್ಟಳು.

ಆಮೇಲಿನ ಎರಡು ತಿಂಗಳು ಕಂಪ್ಯೂಟರಿನ ಮೇಲೆ ಒಂದು ಟವೆಲ್ ಮುಚ್ಚಿತ್ತು. ಅವಳ ತಂಗಿ, ನನ್ನ ನಾದಿನಿ, ವಿಜಯನಗರದಲ್ಲಿದ್ದಾಳೆ. ಎರಡು ದಿನಕ್ಕೊಮ್ಮೆ ಸಾರು ತಂದುಕೊಡುತ್ತಿದ್ದಳು. ಒಂದು ದಿನ ಆ ಟವೆಲನ್ನು ಅವಳೇ ತೆಗೆದಳು.

"ಭಾವ, ಅಕ್ಕನ ಪುಸ್ತಕ ವರ್ಷದ ಕಾರ್ಯಕ್ಕೆ ಆಗ್ಬೇಕು. ಬಂದೋರಿಗೆಲ್ಲಾ ಕೊಡೋಣ. ನೀವು ಅಲ್ಲೀವರೆಗೆ ಇದನ್ನ ಹಾಳಾಗದಂಗೆ ನೋಡ್ಕೊಂಡ್ರೆ ಸಾಕು."

ಹೂಂ ಅಂದೆ. ನನಗೆ ಅದೊಂದು ಕೆಲಸ ಸಿಕ್ಕಿತು. ಹೆಂಡತಿಯ ಒಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಶನಿವಾರದ ಕೆಲಸಗಳು ಕ್ರಮವಾಗಿ ಬರೆದಿದ್ದವು, ಕೆಳಗೆ ಅವಳ ಪಾಸ್‌ವರ್ಡ್ ಇತ್ತು. ನನಗೆ ಅಂತಲೇ ಬರೆದಿಟ್ಟಿದ್ದಳೋ, ತನಗೆ ಮರೆಯದಿರಲಿ ಅಂತ ಬರೆದುಕೊಂಡಿದ್ದಳೋ ಗೊತ್ತಿಲ್ಲ. ಪ್ರತಿ ಶನಿವಾರ ಊಟವಾದ ಮೇಲೆ ಆ ಪುಟ ತೆರೆದಿಟ್ಟುಕೊಂಡು ಒಂದೊಂದೇ ಮಾಡುತ್ತಿದ್ದೆ. ಮೊದಮೊದಲು ಎರಡು ಗಂಟೆ ಬೇಕಾಗುತ್ತಿತ್ತು. ಯಾವುದನ್ನು ಒತ್ತಬೇಕು ಅಂತ ಹುಡುಕುತ್ತಾ ಕೂರುತ್ತಿದ್ದೆ. ಬರುಬರುತ್ತಾ ಕೈ ಕುದುರಿತು. ಅವಳ ಅಕೌಂಟಿನಲ್ಲೇ ಹೋಗುತ್ತಿದ್ದೆ. ಪಾಸ್‌ವರ್ಡ್ ಕೇಳಿದಾಗಲೆಲ್ಲ ನಾನೇ ಹಾಕುತ್ತಿದ್ದೆ. ಚೆನ್ನಾಗಿ ಮಾಡುತ್ತಿದ್ದೇನೆ ಅಂತ ಒಂದು ಸಮಾಧಾನವೂ ಆಗುತ್ತಿತ್ತು.

ಆಯುಧಪೂಜೆ ಬಂತು. ಮನೆಯಲ್ಲಿ ಸಾವಾದ ವರ್ಷ ಹಬ್ಬವಿಲ್ಲ. ಕುಂಕುಮ, ಹೂವು, ಬೂದುಗುಂಬಳ ಯಾವುದೂ ಇಲ್ಲ. ಆದರೆ ಲೇತ್ ಮುಂದೆ ಬದುಕಿದವನಿಗೆ ಆ ಹಬ್ಬದ ಹಿಂದಿನ ದಿನ ಮಿಷಿನ್ ತೊಳೆಯದೆ ಸುಮ್ಮನೆ ಕೂರಲು ಬರುವುದಿಲ್ಲ. ಪೂಜೆ ಮಾಡಬಾರದು ಸರಿ, ಸ್ವಚ್ಛ ಮಾಡಬಾರದು ಅಂತ ಯಾರೂ ಹೇಳಿಲ್ಲವಲ್ಲ ಅಂದುಕೊಂಡೆ. ಪೂಜೆಯ ಪಾಲನ್ನೂ ಸೇರಿಸಿ ಸ್ವಚ್ಛ ಮಾಡಲು ಹೊರಟೆ.

ಆ ಹಿಂದಿನ ದಿನ ಶನಿವಾರವೂ ಆಗಿತ್ತು. ಅವಳ ಪುಟದಲ್ಲಿ ಮೊದಲು ಕಾಪಿ, ಕೊನೆಗೆ ಧೂಳು. ನಮ್ಮ ವರ್ಕ್‌ಶಾಪಿನ ಕ್ರಮ ಅದಕ್ಕೆ ತಿರುಗಾಮುರುಗಾ. ಮಿಷಿನ್ ಒರೆಸದೆ ಜಾಬ್, ಅಂದರೆ ಕಡೆಯಬೇಕಾದ ಲೋಹದ ತುಂಡು, ಕೂರಿಸುವುದಿಲ್ಲ. ಚೂರು ಲೋಹದ ಪುಡಿ ಉಳಿದಿದ್ದರೂ ಅಳತೆ ತಪ್ಪುತ್ತದೆ. ಇವತ್ತು ಮೊದಲು ಎಲ್ಲ ಚೊಕ್ಕಟ ಮಾಡಿ, ಚೊಕ್ಕಟವಾದ ಮಿಷಿನ್ನಿನಿಂದ ಚೊಕ್ಕಟವಾದ ಡಿಸ್ಕಿಗೆ ಕಾಪಿ ಹಾಕೋಣ ಅಂದುಕೊಂಡೆ. ನನಗೆ ಅದು ಒಳ್ಳೆಯ ಯೋಚನೆಯಾಗಿಯೇ ಕಂಡಿತು.

ಬೀರುವಿನಿಂದ ತಂದು ಜೋಡಿಸಿದ ಡಿಸ್ಕ್ ತುಂಬಿಹೋಗಿ ಜಾಗವಿಲ್ಲ ಅಂತ ಕೆಂಪು ಗೆರೆ ತೋರಿಸುತ್ತಿತ್ತು. ಹಳೇ ಕಾಪಿಗಳನ್ನು ಒಂದೊಂದಾಗಿ ಅಳಿಸುವ ಬದಲು ಇಡೀ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದರೆ ಹೊಸದರಂತೆ ಆಗುತ್ತದೆ ಅಂತ ನನಗೆ ಗೊತ್ತಿತ್ತು. ಒತ್ತಿದೆ. ಒಂದು ಚಿಕ್ಕ ಕಿಟಕಿ ಬಂತು. ಅದರಲ್ಲಿ ಕ್ವಿಕ್ ಅನ್ನುವುದರ ಮುಂದೆ ಟಿಕ್ ಇತ್ತು. ಆ ಟಿಕ್ ತೆಗೆದೆ. ಇಷ್ಟು ವರ್ಷ ಕೆಲಸ ಮಾಡಿದವನು ಕ್ವಿಕ್ ಅನ್ನುವುದನ್ನು ಯಾವತ್ತೂ ನಂಬಿದವನಲ್ಲ. ಮಾಡುವುದಾದರೆ ಪೂರ್ತಿ ಮಾಡಬೇಕು. ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ ಅಂತ ಕೇಳಿತು. ಅಳಿಸಲಿ ಅಂತಲೇ ಅಲ್ಲವೇ ಅಂದುಕೊಂಡು ಸರಿ ಅಂದೆ. ಪಾಸ್‌ವರ್ಡ್ ಕೇಳಿತು, ಹಾಕಿದೆ. ಎರಡು ಗಂಟೆಯ ಮೇಲೆ ಹಿಡಿಯಿತು. ಆ ಹೊತ್ತಿನಲ್ಲಿ ನಾನು ಕಿಟಕಿಯ ಸರಳುಗಳನ್ನು ಒರೆಸಿದೆ.

ಅದು ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಡಬ್ಬಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಅವಳ ಬ್ರಷ್ಷಿಗೆ ಸಿಗದ ಮೂಲೆಯ ಧೂಳನ್ನು ವರ್ಕ್‌ಶಾಪಿನ ಕಂಪ್ರೆಸರ್ ಗಾಳಿ ಒಂದು ನಿಮಿಷದಲ್ಲಿ ಹಾರಿಸಿಬಿಡುತ್ತದೆ ಅನ್ನುವುದು ನನ್ನ ಲೆಕ್ಕ.

ಅವಳು ಹೋದ ಮೇಲೆ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಎಲ್ಲರೂ ಮಿಷಿನ್ ತೊಳೆಯುತ್ತಿದ್ದರು. ನೆಲವೆಲ್ಲ ಸೀಮೆಎಣ್ಣೆ ವಾಸನೆ. ಪಕ್ಕದ ಲೇತಿನಲ್ಲಿ ನನ್ನ ಜೊತೆ ಇಪ್ಪತ್ತು ವರ್ಷ ನಿಂತಿದ್ದ ಗೆಳೆಯ ನನ್ನನ್ನು ನೋಡಿ ಕೈಯಲ್ಲಿದ್ದ ಬನಿಯನ್ ಬಟ್ಟೆ ಕೆಳಗೆ ಹಾಕಿ ಬಂದ.

"ಏನಯ್ಯಾ, ಹಿಂಗಾಗೋಗಿದೀಯ! ಊಟ ಮಾಡ್ತಿದೀಯೋ ಇಲ್ವೋ?"

"ಮಾಡ್ತೀನಿ."

"ಏನ್ ಮಾಡ್ತೀಯ, ಬ್ರೆಡ್ಡಾ? ನಮ್ಮನೇಗೆ ಬಾ ಅಂತ ಎಷ್ಟ್ ಸಲ ಫೋನ್ ಮಾಡಿದೀನಿ? ಎತ್ತೋದೇ ಇಲ್ಲ ನೀನು."

ಅವನು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಡಲಿಲ್ಲ. ಅವಳ ಬಗ್ಗೆ ಹೇಳುತ್ತಲೇ ಇದ್ದ. ನಾನು ಎಡಗೈಯಲ್ಲೇ ಡಬ್ಬಿಯ ಮುಚ್ಚಳ ಸರಿಸಿ, ಕಂಪ್ರೆಸರಿನ ಏರ್‌ಗನ್ ತೆಗೆದುಕೊಂಡು ಗಾಳಿ ಬಿಟ್ಟೆ. ಬೂದುಬಣ್ಣದ ಧೂಳು ಎದ್ದಿತು. ಅವನು ಮಾತಾಡುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ.

ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ಸೇರುತ್ತದೆ. ಗಾಳಿಯಲ್ಲಿರುವ ತೇವವೇ ಒಳಗೆ ಹನಿಯಾಗುತ್ತದೆ. ಕೆಳಗಿನ ತಿರುಪು ಬಿಚ್ಚಿ ಅದನ್ನು ದಿನವೂ ಹರಿಯಬಿಡಬೇಕು. ಬಿಟ್ಟಿದ್ದಾರೋ ಇಲ್ಲವೋ ಗೊತ್ತಾಗಲು, ಗಾಳಿಯನ್ನು ಮೊದಲು ಇನ್ನೊಂದು ಅಂಗೈಗೆ ಹಿಡಿದು ನೋಡಬೇಕು. ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವನು ನಾನು. ಅವತ್ತು ಆ ಅಂಗೈ ಗೆಳೆಯನ ಕೈಯಲ್ಲಿತ್ತು.

ಮನೆಗೆ ತಂದು ವೈರ್‌ಗಳನ್ನೆಲ್ಲ ಜೋಡಿಸಿ ಆನ್ ಮಾಡಿದೆ. ದೀಪ ಹತ್ತಿತು, ಆರಿತು. ಮತ್ತೆ ಒತ್ತಿದೆ. ಇನ್ನಷ್ಟು ಹೊತ್ತು ಹತ್ತಿತು, ಆರಿತು. ಹಳೇ ಮೋಟರ್ ಎರಡು ಸಲ ಕೆಮ್ಮಿ ಮೂರನೇ ಸಲ ಎದ್ದುಕೊಳ್ಳುತ್ತದೆ, ಹಾಗೇ ಇದೂ ಅಂದುಕೊಂಡು ಆರೇಳು ಸಲ ಒತ್ತಿದೆ. ಕೊನೆಗೊಮ್ಮೆ ಪರದೆ ಬಂತು. ಡಿಸ್ಕ್ ರಿಪೇರಿಯಾಗುತ್ತಿದೆ, ಆಫ್ ಮಾಡಬೇಡಿ ಅಂತ ತೋರಿಸಿತು. ನಾನು ಕುರ್ಚಿಯ ಮೇಲೆ ಕೈ ಕಟ್ಟಿಕೊಂಡು ಕೂತೆ. ನಾನು ಆಫ್ ಮಾಡಲಿಲ್ಲ. ಅದೇ ಆಫ್ ಆಯಿತು. ಸುಟ್ಟ ವಾಸನೆ ಬಂತು.

ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು ನನ್ನ ನಾದಿನಿಗೆ ಗೊತ್ತು. ನಲವತ್ತೈದರ ಆಸುಪಾಸಿನವರು. ಕಡಿಮೆ ಮಾತು. ನಾದಿನಿಗೆ ಏನೂ ಹೇಳದೆ ಅವರ ಹತ್ತಿರ ಒಬ್ಬನೇ ಹೋದೆ. ಡಬ್ಬಿಯ ಒಳಗೆ ಟಾರ್ಚ್ ಬಿಟ್ಟು ನೋಡಿದರು. ಒಂದು ಬೆರಳಿನಿಂದ ಒಳಗೋಡೆ ಒರೆಸಿ, ಬೆರಳನ್ನು ನನಗೆ ತೋರಿಸಿದರು. ಎಣ್ಣೆ ಬೆರೆತ ನೀರು.

"ಏನ್ ಸಾರ್, ಇದಕ್ಕೆ ಸರ್ವಿಸ್ ಸ್ಟೇಷನ್‌ನಲ್ಲಿ ವಾಟರ್ ವಾಷ್ ಮಾಡ್ಸಿದ್ರಾ?"

ಹೇಳಿದೆ. ನಗಲಿಲ್ಲ ಅವರು.

"ಕರೆಂಟ್ ಕೊಡೋ ಭಾಗ ಹೋಗಿದೆ. ಅದು ದೊಡ್ಡ ವಿಷಯ ಅಲ್ಲ, ಬೇರೆ ಹಾಕ್ತೀನಿ. ಒಳಗಿನ ಡಿಸ್ಕು ರಿಪೇರಿ ನಡೀತಿರೋವಾಗ ನಿಂತಿದೆ. ಅದು ಕಷ್ಟ. ಬ್ಯಾಕಪ್ ಇದೆಯಾ?"

ಚೀಲದಿಂದ ಹೊರಗಿನ ಡಿಸ್ಕ್ ತೆಗೆದು ಕೊಟ್ಟೆ. ಡಬ್ಬಿ ಬಿಚ್ಚುವ ಮೊದಲೇ ಅದನ್ನು ಫಾರ್ಮ್ಯಾಟ್ ಮಾಡಿದೆ ಅಂದೆ.

"ಪರವಾಗಿಲ್ಲ ಬಿಡಿ, ಫಾರ್ಮ್ಯಾಟ್ ಆದ್ರೂ ತೆಗೀಬಹುದು. ಕ್ವಿಕ್ ತಾನೇ ಮಾಡಿದ್ದು?"

"ಇಲ್ಲಮ್ಮ. ಟಿಕ್ ತೆಗೆದೆ. ಪೂರ್ತಿ ಆಗ್ಲಿ ಅಂತ."

ಅವರು ಡಿಸ್ಕನ್ನು ಮೇಜಿನ ಮೇಲಿಟ್ಟರು.

"ಎಲ್ಲಾರೂ ಕ್ವಿಕ್ಕೇ ಮಾಡ್ತಾರೆ ಸಾರ್. ಕ್ವಿಕ್ಕಲ್ಲಿ ಬರೀ ಮೇಲಿನ ಪಟ್ಟಿ ಅಳಿಸತ್ತೆ, ಒಳಗಿಂದು ಹಾಗೇ ಇರತ್ತೆ, ವಾಪಸ್ ತರಬಹುದು. ಪೂರ್ತಿ ಮಾಡಿದ್ರೆ ಪ್ರತಿಯೊಂದು ಜಾಗದ ಮೇಲೂ ಸೊನ್ನೆ ಬರೀತಾ ಹೋಗತ್ತೆ." ಡಿಸ್ಕನ್ನು ನನ್ನ ಕಡೆ ಸರಿಸಿ, "ನೀವು ಅಷ್ಟು ಚೆನ್ನಾಗಿ ಮಾಡಬಾರದಿತ್ತು" ಅಂದರು.

ನಾಲ್ಕು ದಿನ ಬಿಟ್ಟು ಫೋನ್ ಮಾಡಿದರು. ಒಳಗಿನ ಡಿಸ್ಕಿನಿಂದ ಫೋಟೋಗಳು ಸಿಕ್ಕಿವೆ ಅಂದರು. ಆಗಲೇ ಸ್ಕೂಟರ್ ಹತ್ತಿ ಹೋದೆ. ಪರದೆಯ ತುಂಬ ಅವಳ ಕಡೆಯವರೆಲ್ಲ ಸಾಲುಸಾಲಾಗಿ ಕೂತಿದ್ದರು. ಒಂದೂ ಹೋಗಿರಲಿಲ್ಲ. ನನಗೆ ಅಳು ಬಂತು. ಆಮೇಲೆ ಪ್ರತಿ ಫೋಟೋದ ಕೆಳಗೆ ಇದ್ದುದನ್ನು ನೋಡಿದೆ. ಒಂದು, ಎರಡು, ಮೂರು, ನಾಲ್ಕು. ಬರೀ ನಂಬರು.

"ಹೆಸರು?" ಅಂದೆ.

"ಹೆಸರೆಲ್ಲಾ ಡಿಸ್ಕಲ್ಲಿ ಬೇರೆ ಒಂದು ಜಾಗದಲ್ಲಿ ಬರೆದಿರತ್ತೆ ಸಾರ್. ಆ ಜಾಗಾನೇ ಕೆಟ್ಟೋಗಿದೆ. ಫೋಟೋನ ಆಕಾರ ನೋಡ್ಕೊಂಡು ಹುಡುಕಿ ತೆಗೆದಿದೀನಿ. ಹೆಸರಿಗೆ ಆಕಾರ ಇರಲ್ಲ. ಫೋಟೋ ಸಿಕ್ತಲ್ಲ, ಹೆಸರು ಮನೇಲಿ ಕೇಳಿ ಮತ್ತೆ ಹಾಕ್ಕೊಳ್ಳಿ."

ಕೇಳಬಹುದಾಗಿದ್ದ ಇಬ್ಬರೂ ಇಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು.

ನಾದಿನಿಗೆ ಹೇಳಲು ನನಗೆ ಒಂದು ವಾರ ಹಿಡಿಯಿತು. ಅವಳ ಮನೆಯ ಹಜಾರದಲ್ಲಿ ಕೂತು ಎಲ್ಲ ಹೇಳಿದೆ. ಕ್ವಿಕ್ ಟಿಕ್ ತೆಗೆದದ್ದನ್ನೂ ಬಿಡದೆ ಹೇಳಿದೆ. ಅವಳು ಬಹಳ ಹೊತ್ತು ಸೊಪ್ಪು ಬಿಡಿಸುತ್ತಲೇ ಇದ್ದಳು.

"ಅಕ್ಕ ಇದ್ದಿದ್ರೆ ಕುರ್ಚಿ ಸಮೇತ ನಿಮ್ಮನ್ನ ಹೊರಗಿಡ್ತಿದ್ಲು" ಅಂದಳು ಕೊನೆಗೆ.

"ಹೌದು."

"ಹೌದಂತೆ! ಒಂದ್ ಮಾತು ನನ್ನ ಕೇಳಬಾರದಿತ್ತಾ ಭಾವ? ಅಷ್ಟು ಧೈರ್ಯ ಎಲ್ಲಿಂದ ಬಂತು ನಿಮಗೆ?"

ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದ್ದೇನೆ. ಇಷ್ಟು ವರ್ಷ ಕಂಪ್ಯೂಟರನ್ನು ಕಾಪಾಡಿದ್ದು ಆ ಪಾಸ್‌ವರ್ಡ್ ಅಂದುಕೊಂಡಿದ್ದೆ. ನನ್ನ ಕೈಗೆ ಅದು ಬಂದಾಗ ಎಲ್ಲವೂ ಬಂತು ಅಂದುಕೊಂಡೆ. ಅವಳು ಪಾಸ್‌ವರ್ಡ್ ಹಾಕುವ ಮುಂಚೆ ನಿಂತು ಓದುತ್ತಿದ್ದಳು. "ಇದ್ಯಾಕೆ ಬೇಕು ನಿಮಗೆ?" ಅಂತ ಕೇಳುತ್ತಿದ್ದಳು. ನಾನು ಕಾರಣ ಹೇಳಬೇಕಾಗುತ್ತಿತ್ತು. ಹೇಳುತ್ತಾ ಹೇಳುತ್ತಾ ನನಗೇ ಅದು ಬೇಡ ಅನ್ನಿಸಿದ್ದೂ ಉಂಟು. ಅವತ್ತು ಅಳಿಸಲೇ ಅಂತ ಕಂಪ್ಯೂಟರ್ ಕೇಳಿದಾಗ ಒಂದೇ ಒಂದು ಸಲ ಯಾರಾದರೂ ಯಾಕೆ ಅಂದಿದ್ದರೆ, ಕಾಪಿ ಎಲ್ಲಿದೆ ಅಂತ ನಾನೇ ಯೋಚಿಸುತ್ತಿದ್ದೆನೇನೋ. ನನಗೆ ಗೊತ್ತಿಲ್ಲ. ತಪ್ಪನ್ನು ಬೇರೆ ಯಾರ ಮೇಲಾದರೂ ಹಾಕಲು ಹೀಗೆಲ್ಲ ಅನ್ನಿಸುತ್ತಿರಬಹುದು.

ಆ ಮುಂದಿನ ಭಾನುವಾರದಿಂದ ನಾದಿನಿ ನಮ್ಮ ಮನೆಗೆ ಬರತೊಡಗಿದಳು. ಇಬ್ಬರೂ ಪಕ್ಕಪಕ್ಕ ಕೂತು ಒಂದೊಂದೇ ಫೋಟೋ ತೆರೆಯುತ್ತೇವೆ.

"ಇವ್ರು ನಮ್ಮ ಚಿಕ್ಕಪ್ಪ. ನೋಡಿ ಆ ಹೊಟ್ಟೆ! ಹೋಳಿಗೆ ಪಂಕ್ತೀಲಿ ಮೊದಲು ಕೂತು ಕೊನೇಲಿ ಏಳ್ತಿದ್ರು."

"ಪಕ್ಕದಲ್ಲಿರೋದು?"

"ಅಕ್ಕನ ಕೇಳ್ಬೇಕು" ಅಂದುಬಿಡುತ್ತಾಳೆ, ಹಾಗೇ ಬಾಯಿಗೆ ಬಂದುಬಿಡುತ್ತದೆ. ನಾನು ಮುಂದಿನ ಫೋಟೋ ಒತ್ತುತ್ತೇನೆ.

ಆಲ್ಬಮ್ ಕೊಟ್ಟಿದ್ದ ಮನೆಗಳಿಗೆಲ್ಲ ಹೋದೆವು. ಅವರು ಕಾಫಿ ಕೊಟ್ಟು, ಫೋಟೋ ನೋಡಿ, ಆ ಕಾಲದವರು ಯಾರೂ ಉಳಿದಿಲ್ಲವಲ್ಲ ಅಂತ ನಮಗೇ ಹೇಳಿ ಕಳುಹಿಸಿದರು. ಕೆಲವರು ತಮ್ಮ ಅಜ್ಜಿಯನ್ನು ಮಾತ್ರ ಗುರುತಿಸಿದರು. ಒಬ್ಬರು ಒಂದು ಗುಂಪಿನಲ್ಲಿ ಏಳು ಜನರನ್ನು ಹೇಳಿದರು. ಅವತ್ತು ಮೆಟ್ರೋದಲ್ಲಿ ವಾಪಸ್ ಬರುವಾಗ ನಾದಿನಿ ದಾರಿಯುದ್ದಕ್ಕೂ ಆ ಏಳು ಹೆಸರನ್ನೇ ಹೇಳಿಕೊಳ್ಳುತ್ತಿದ್ದಳು, ಮರೆಯದಿರಲಿ ಅಂತ. ವರ್ಷದ ಕಾರ್ಯದ ಹೊತ್ತಿಗೆ ಪುಸ್ತಕ ಆಗಲಿಲ್ಲ. ಬಂದವರು ಊಟ ಮಾಡಿ ಹೋದರು. ಯಾರೂ ಕೇಳಲಿಲ್ಲ. ಪುಸ್ತಕದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

ಕಂಪ್ಯೂಟರ್ ಈಗ ಚೆನ್ನಾಗಿ ನಡೆಯುತ್ತಿದೆ. ಶನಿವಾರ ಅವಳ ಪುಟದಲ್ಲಿರುವ ಕ್ರಮದಲ್ಲೇ ಮಾಡುತ್ತೇನೆ. ಒಂದು ಸಾಲನ್ನೂ ಹಿಂದೆ ಮುಂದೆ ಮಾಡುವುದಿಲ್ಲ. ಎರಡು ಡಿಸ್ಕ್ ಇಟ್ಟಿದ್ದೇನೆ, ಒಂದು ನಾದಿನಿಯ ಮನೆಯಲ್ಲಿರುತ್ತದೆ. ಒಂದಕ್ಕೆ ಹೊಸ ಕಾಪಿ ಹಾಕಿ, ಅದು ತೆರೆಯುತ್ತದೆಯೇ ಅಂತ ನೋಡಿದ ಮೇಲೆಯೇ ಇನ್ನೊಂದನ್ನು ಮುಟ್ಟುವುದು. ಗೊತ್ತಾದ ಹೆಸರುಗಳನ್ನು ಫೈಲಿಗೂ ಹಾಕುತ್ತೇನೆ, ಒಂದು ಉದ್ದದ ಪುಸ್ತಕದಲ್ಲಿ ಪೆನ್ನಿನಲ್ಲೂ ಬರೆಯುತ್ತೇನೆ. ನಾದಿನಿಯ ಕೈಯಲ್ಲೇ ಹೊಸ ಪಾಸ್‌ವರ್ಡ್ ಹಾಕಿಸಿದ್ದೇನೆ, ನನಗೆ ಅದು ಗೊತ್ತಿಲ್ಲ. ಏನಾದರೂ ಕೇಳಿದರೆ ಅವಳಿಗೆ ಫೋನ್ ಮಾಡುತ್ತೇನೆ, ಬೇಕಾದದ್ದೇ ಆದರೆ ಭಾನುವಾರ ಬಂದಾಗ ಅವಳೇ ಹಾಕುತ್ತಾಳೆ. "ಏನಂತ ಬರೆದಿದೆ, ಪೂರ್ತಿ ಓದಿ ಭಾವ" ಅನ್ನುತ್ತಾಳೆ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದುತ್ತೇನೆ.

ನಾನೂರ ಹನ್ನೆರಡರಲ್ಲಿ ನೂರ ಎಪ್ಪತ್ತರಷ್ಟು ಇನ್ನೂ ಬರೀ ನಂಬರಾಗಿವೆ. ಅವುಗಳಲ್ಲಿ ಒಂದರಲ್ಲಿ ನನ್ನ ಹೆಂಡತಿ ಇದ್ದಾಳೆ, ಎರಡು ವರ್ಷದ ಮಗು. ತಲೆಗೆ ಎಣ್ಣೆ ಹಚ್ಚಿ, ಹಣೆಗೆ ದೊಡ್ಡ ಬೊಟ್ಟಿಟ್ಟು, ಒಬ್ಬ ಹೆಂಗಸು ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಜಗಲಿಯ ಮೇಲೆ ನಿಂತಿದ್ದಾಳೆ. ಅವಳ ತಾಯಿ ಅಲ್ಲ, ಸೋದರತ್ತೆಯೂ ಅಲ್ಲ. ಆ ಹೆಂಗಸು ಯಾರು ಅಂತ ನಮಗೆ ಗೊತ್ತಿಲ್ಲ.